ವಾಷರ್ ಸಾರ್

ಬೆಂಗಳೂರಿನ ಯಾವ ಬಡಾವಣೆಯ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಬೆಳಿಗ್ಗೆ ಹತ್ತರ ಹೊತ್ತಿಗೆ ಅವರು ಕೌಂಟರಿನ ಮುಂದೆ ನಿಂತಿರುತ್ತಾರೆ. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಅಳತೆ ಟೇಪು, ಕೈಯಲ್ಲಿ ಹಾರ್ಲಿಕ್ಸ್ ಬಾಟಲಿ. ಬಾಟಲಿ ತುಂಬ ಸರ್ವೀಸಿನ ಕಾಲದಿಂದ ಕೂಡಿಟ್ಟ ನಟ್ಟು, ಬೋಲ್ಟು. ಹಿಂದೆ ಪ್ಲಂಬರು, ಪೇಂಟರು, ಎಲೆಕ್ಟ್ರಿಷಿಯನ್ನು ಕಾಯುತ್ತಿರುತ್ತಾರೆ. ಅಂಗಡಿ ಹುಡುಗರು ಅವರಿಗೆ ಇಟ್ಟಿರುವ ಹೆಸರು ವಾಷರ್ ಸಾರ್.

ಅವರಿಗೆ ಬೇಕಿರುವುದು ಗೀಸರ್ ನೇತುಹಾಕಲು ಎರಡು ಫಾಸ್ನರ್. ಅಷ್ಟೇ.

"ಎಂ10 ಕೊಡು. ಗ್ರೇಡ್ 8.8 ಇರಬೇಕು."

ಹುಡುಗನಿಗೆ ಗ್ರೇಡ್ ಗೊತ್ತಿಲ್ಲ, ಸಾರ್‌ಗೆ ಗೊತ್ತು. ಮೊದಲ 8 ಅಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದವರೆಗೆ ತುಂಡಾಗದು. ಎರಡನೆಯ 8 ಅಂದರೆ ಆ 800ರ ಶೇಕಡ 80, ಅಂದರೆ 640 ದಾಟುವವರೆಗೆ ಹಿಗ್ಗಿ ಉಳಿಯದು. ಪಾಠ ಸರಿಯಾಗಿಯೇ ಇದೆ. ಆ ಲೆಕ್ಕದಲ್ಲಿ ಒಂದು ಎಂ10 ಬೋಲ್ಟನ್ನು ಎಳೆದು ತುಂಡು ಮಾಡಲು ನಾಲ್ಕೂವರೆ ಟನ್ನಿಗೂ ಹೆಚ್ಚು ಬೇಕು. ಸಾರ್ ಮನೆಯ 25 ಲೀಟರಿನ ಗೀಸರ್ ನೀರು ತುಂಬಿಕೊಂಡರೂ 40 ಕೆ.ಜಿ. ಆಸುಪಾಸು. ಮನೆಮಂದಿಯೆಲ್ಲ ಅದಕ್ಕೆ ಜೋತುಬಿದ್ದರೂ ಬೋಲ್ಟು ಜಗ್ಗದು.

ಮುಂದಿನ ಪ್ರಶ್ನೆ ಡ್ರಿಲ್ ಬಿಟ್ಟಿನದು. ವೆಜ್ ಫಾಸ್ನರ್ ಆದರೆ ಬೋಲ್ಟಿನಷ್ಟೇ ಅಳತೆಯ ತೂತು, ಎಂ10ಕ್ಕೆ 10ರ ಬಿಟ್ಟು. ಸ್ಲೀವ್ ಇದ್ದರೆ ಸ್ಲೀವಿನ ಹೊರ ಅಳತೆ ನೋಡಬೇಕು. ಟೈಲ್ಸ್ ದಾಟುವವರೆಗೆ ಹ್ಯಾಮರ್ ಹಾಕಬಾರದು, ಟೈಲ್ಸ್ ಬಿರಿಯುತ್ತದೆ. ತೂತಿನ ಧೂಳು ತೆಗೆಯದಿದ್ದರೆ ಹಿಡಿತ ಕಡಿಮೆ. ಇದಿಷ್ಟನ್ನೂ ಪ್ರಶ್ನೆಯ ರೂಪದಲ್ಲಿ ಕೇಳಿ, ಉತ್ತರವನ್ನೂ ಸಾರ್ ತಾವೇ ಹೇಳಿಕೊಳ್ಳುತ್ತಾರೆ. ಸ್ಪ್ಯಾನರ್ ವಿಷಯ ಬಂದಾಗ ಮಾತ್ರ ಪ್ಲಂಬರು ಬಾಯಿ ಹಾಕುತ್ತಾನೆ: "17 ತಗೊಳ್ಳಿ ಸಾರ್." ಸಾರ್ ಒಪ್ಪುವುದಿಲ್ಲ, ಐಎಸ್‌ಒ ಪ್ರಕಾರ ಎಂ10 ನಟ್ಟಿಗೆ 16. ಹಳೆಯ ಜರ್ಮನ್ ಲೆಕ್ಕದಲ್ಲಿ 17. ಎರಡೂ ಮಾರುಕಟ್ಟೆಯಲ್ಲಿವೆ, ಹಾಗಾಗಿ ಇಬ್ಬರೂ ಗೆದ್ದು ಹತ್ತು ನಿಮಿಷ ಹೋಗುತ್ತದೆ.

ಆಮೇಲೆ ಹಾರ್ಲಿಕ್ಸ್ ಬಾಟಲಿ ತೆರೆಯುತ್ತದೆ. "ಈ ಅರ್ಧ ಇಂಚಿನ ನಟ್ಟು ಎಂ12ಕ್ಕೆ ಕೂರುತ್ತಾ ನೋಡು." ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಗೊತ್ತುಮಾಡಿದ ಮರೆಯ (ಥ್ರೆಡ್ಡಿನ) ವಂಶದ ನಟ್ಟು ಅದು. ಅದರ ಮರೆ ಇಂಚಿಗೆ 12, ಕೋನ 55 ಡಿಗ್ರಿ. ಎಂ12ರದು 1.75 ಮಿ.ಮೀ.ಗೊಂದು ಮರೆ, 60 ಡಿಗ್ರಿ. ಒಂದೆರಡು ಸುತ್ತು ಸಲೀಸಾಗಿ ಹೋಗಿ, ಬೀಗರ ಮನೆಯ ಊಟಕ್ಕೆ ಕೂತ ಅಳಿಯನಂತೆ ಇದ್ದಕ್ಕಿದ್ದಂತೆ ಮುನಿಸಿಕೊಳ್ಳುತ್ತದೆ. ಬಲವಂತ ಮಾಡಿದರೆ ಎರಡರ ಮರೆಯೂ ಹಾಳು.

ಅಷ್ಟರಲ್ಲಿ ಗಲ್ಲಾದಲ್ಲಿ ಕೂತ ಮಾಲೀಕರು ಪೇಪರಿನಿಂದ ತಲೆಯೆತ್ತಿ ಕೇಳುತ್ತಾರೆ: "ಗೋಡೆ ಯಾವುದು ಸಾರ್?"

ಸಾರ್ ತಡಬಡಾಯಿಸಿ ಮನೆಗೆ ಫೋನ್ ಮಾಡುತ್ತಾರೆ. "ಲೇ, ಬಚ್ಚಲುಮನೆ ಗೋಡೆ ಸ್ವಲ್ಪ ತಟ್ಟಿ ನೋಡೇ." ಆ ಕಡೆಯಿಂದ ಸೌಟಿನ ಸದ್ದು. "ಡೋಲು ಬಡಿದ ಹಾಗಿದೆ ಕಣ್ರೀ."

ಹಾಲೋ ಬ್ಲಾಕ್! ಒಳಗೆ ಪೊಳ್ಳು. ಫಾಸ್ನರ್ ಅಗಲವಾಗಿ ಒತ್ತಿ ನಿಲ್ಲಲು ಅಲ್ಲಿ ಕಾಂಕ್ರೀಟೇ ಇಲ್ಲ. ಬಿಗಿ ಮಾಡಿದಷ್ಟೂ ಬ್ಲಾಕಿನ ತೆಳು ಸಿಪ್ಪೆ ಒಡೆಯುತ್ತದೆ. ಬೋಲ್ಟು 8.8 ಆಗಿದ್ದರೂ ಗೋಡೆಯ ಚೂರಿನ ಸಮೇತ ಕೈಗೆ ಬರುತ್ತದೆ. ದಾರಿ ಎರಡಿವೆ: ಆಚೆಗೆ ಹಾಯುವ ಉದ್ದನೆಯ ಸ್ಟಡ್ ಹಾಕಿ ಹಿಂದೆ ಪ್ಲೇಟ್ ಕೊಡಬೇಕು, ಇಲ್ಲವೇ ಜಾಲರಿಯ ಸ್ಲೀವ್ ತೂರಿಸಿ ಗಟ್ಟಿಯಾಗುವ ಕೆಮಿಕಲ್ ತುಂಬಬೇಕು. ಆಚೆ ಕಡೆ ಹಾಲ್. ಟಿವಿಯ ಮೇಲೆ ಎರಡು ನಟ್ಟು ಕಾಣಲು ಮನೆಯಾಕೆ ಬಿಡುವುದಿಲ್ಲ. ಕೆಮಿಕಲ್ ಆದರೆ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಮುಟ್ಟದೆ ಬಿಡಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು.

ಸಾರ್ ಕೆಮಿಕಲ್ಲನ್ನೇ ಒಪ್ಪಿದರು. ಎಂಟುನೂರರ ಬಿಲ್ಲನ್ನು ತುಟಿಪಿಟಕ್ಕೆನ್ನದೆ ಕೊಟ್ಟು, ವಾಷರಿಗೆ ಮಾತ್ರ ಎರಡು ರೂಪಾಯಿ ಕಡಿಮೆ ಮಾಡಿಸಿಕೊಂಡರು.

ಗೀಸರ್ ಹಾಕಿಸುವವರು ದಯವಿಟ್ಟು ಗೋಡೆ ತಟ್ಟಿ ನೋಡಿಕೊಂಡೇ ಅಂಗಡಿಗೆ ಬನ್ನಿ. ಸಾಲಿನಲ್ಲಿ ಇನ್ನೂ ಪ್ಲಂಬರು ಕಾಯುತ್ತಿದ್ದಾನೆ.