ಹೆಸರು ಬೇಡ, ನಂಬರು ಸಾಕು

ಮೊಬೈಲಿನ ಜೊತೆ ಬರುವ ರಟ್ಟಿನ ಪೆಟ್ಟಿಗೆಯನ್ನು ನನ್ನ ಹೆಂಡತಿ ಎಸೆಯುವವಳಲ್ಲ. ಅಷ್ಟು ಗಟ್ಟಿಮುಟ್ಟಾದ ಡಬ್ಬಿ ದುಡ್ಡು ಕೊಟ್ಟರೂ ಸಿಗದು ಎಂಬುದು ಅವಳ ವಾದ. ಒಂದರಲ್ಲಿ ಬ್ಲೌಸಿನ ಹುಕ್ಕು, ಇನ್ನೊಂದರಲ್ಲಿ ದೀಪದ ಬತ್ತಿ. ಜಾತ್ರೆಯಲ್ಲಿ ಯಾರೋ ಪುಣ್ಯಾತ್ಮ ನನ್ನ ಜೇಬಿನ ಭಾರ ಇಳಿಸಿದಾಗ ಕೈಹಿಡಿದದ್ದು ಆ ಬತ್ತಿಯ ಡಬ್ಬಿಯೇ. ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ 15 ಅಂಕಿಗಳ ಐಎಂಇಐ ಸಂಖ್ಯೆ ಇತ್ತು. ಪೊಲೀಸ್ ದೂರಿನ ಪ್ರತಿಯ ಜೊತೆ ಅದನ್ನು ಸರ್ಕಾರದ ‘ಸಂಚಾರ್ ಸಾಥಿ’ಯಲ್ಲಿ ತುಂಬಿದರೆ, ಕಳ್ಳ ಸಿಮ್ ಬದಲಿಸಿದರೂ ಫೋನು ದೇಶದ ನೆಟ್‌ವರ್ಕುಗಳಲ್ಲಿ ಕೆಲಸ ಮಾಡದು. ಫೋನೇನೋ ಸಿಗಲಿಲ್ಲ, ಅವನಿಗೂ ದಕ್ಕಲಿಲ್ಲವಲ್ಲ ಎಂಬ ಕ್ಷುದ್ರ ಸಂತೋಷ ಮಾತ್ರ ನನ್ನ ಪಾಲಿಗೆ ಉಳಿಯಿತು.

ಈ ಸಂಖ್ಯೆಯ ಗುಣವೇ ಅದು: ಫೋನಿಗೆ ಹುಟ್ಟಿನಿಂದ ಅಂಟಿದ್ದು, ಸಿಮ್ಮಿನ ಹಾಗೆ ಕಳಚಿ ಇಡಲಾಗದು. ಇಂಥದ್ದು ಸಿಕ್ಕರೆ ಬಿಡುವವರುಂಟೆ? ನಮ್ಮನ್ನು ಗುರುತಿಟ್ಟುಕೊಳ್ಳಲು ಆ್ಯಪ್‌ಗಳೂ ಇದನ್ನೇ ಓದುತ್ತಿದ್ದವು. 2019ರಲ್ಲಿ ಬಂದ ಆಂಡ್ರಾಯ್ಡ್ 10 ಸಾಮಾನ್ಯ ಆ್ಯಪ್‌ಗಳಿಗೆ ಆ ಬಾಗಿಲು ಮುಚ್ಚಿತು. ಆದರೆ ಜಾಹೀರಾತಿನವರು ಉಪವಾಸ ಬೀಳಬಾರದಲ್ಲ, ಅವರಿಗೆಂದೇ ಅಷ್ಟರಲ್ಲಾಗಲೇ ‘ಅಡ್ವರ್ಟೈಸಿಂಗ್ ಐಡಿ’ ಎಂಬ ಬೇರೊಂದು ಉದ್ದನೆಯ ಗುರುತನ್ನು ಫೋನಿನೊಳಗೆ ಇಟ್ಟಾಗಿತ್ತು.

ಅತ್ತೆಯವರ ಮಂಡಿಗೊಂದು ಬೆಲ್ಟು ಹುಡುಕಿದ ಮೇಲೆಯೇ ನನಗೆ ಅದರ ಮಹಿಮೆ ತಿಳಿದದ್ದು. ಪಂಚಾಂಗ ತೆರೆದರೆ ರಾಹುಕಾಲದ ಕೆಳಗೆ ಮಂಡಿ, ಕ್ರಿಕೆಟ್ ಸ್ಕೋರಿನ ಪಕ್ಕ ಮಂಡಿ. ಪಂಚಾಂಗದವರಿಗೆ ನಾನು ಹೆಸರು ಹೇಳಿದವನಲ್ಲ. ಹೇಳಬೇಕಾಗಿಯೂ ಇಲ್ಲ, ಅಂಗಡಿ ಕಂಡ ಐಡಿ, ಪಂಚಾಂಗ ಕಂಡ ಐಡಿ ಎರಡೂ ಒಂದೇ ಎಂದು ನಡುವಿನ ಜಾಹೀರಾತಿನವನಿಗೆ ಗೊತ್ತಾದರೆ ಆಯಿತು. ನಾನು ರಾಮಪ್ಪನೋ ಭೀಮಪ್ಪನೋ ಅವನಿಗೇನು, ಅವನಿಗೆ ನಾನೊಂದು ನೋಯುವ ಮಂಡಿ. ಅದೂ ನನ್ನದಲ್ಲ, ಅತ್ತೆಯವರದು!

ಬ್ರೌಸರಿನಲ್ಲಿ ಇದೇ ಕೆಲಸಕ್ಕೆ ಕುಕಿ ಇದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಅದನ್ನು ಮಾಡಿದ್ದು ಸದುದ್ದೇಶದಿಂದಲೇ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅಂಗಡಿ ನಮ್ಮನ್ನು ಮರೆತುಬಿಡುತ್ತಿತ್ತು, ಬುಟ್ಟಿಗೆ ಹಾಕಿದ್ದು ಬುಟ್ಟಿಯಲ್ಲೇ ಇರಲೆಂದು ಒಂದು ಪುಟ್ಟ ಚೀಟಿ. ಆ ಚೀಟಿ ಅಂಗಡಿಯ ಹೊರಗೂ ಹಿಂದೆ ಹಿಂದೆಯೇ ಬರತೊಡಗಿದ್ದು ಆಮೇಲಿನ ಕತೆ.

ಕುಕಿ ಅಳಿಸಿ ಗೆದ್ದೆನೆಂದು ಬೀಗುವವರಿಗೂ ಒಂದು ಸುದ್ದಿ ಇದೆ. ನಮ್ಮಜ್ಜಿಗೆ ಕಣ್ಣಿನ ಪೊರೆ ಬಂದಿತ್ತು, ಆದರೂ ಅಂಗಳದಲ್ಲಿ ಚಪ್ಪಲಿ ಸರಪರ ಅಂದರೆ ಸಾಕು, ‘ಬಾರೋ, ಮತ್ತೆ ಸಾಲ ಕೇಳೋಕೆ ಬಂದ್ಯಾ’ ಎಂದು ಹೆಸರು ಹಿಡಿದೇ ಕರೆಯುತ್ತಿದ್ದಳು. ಬ್ರೌಸರಿಗೂ ಅಂಥ ಚಪ್ಪಲಿ ಸದ್ದಿದೆ: ಪರದೆಯ ಅಳತೆ, ಟೈಮ್ ಝೋನು, ಕಂಪ್ಯೂಟರಿನಲ್ಲಿರುವ ಫಾಂಟುಗಳು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಪರೀಕ್ಷಿಸಿದಾಗ, ಬಂದ ಬ್ರೌಸರುಗಳಲ್ಲಿ ಶೇ. 83.6ರಷ್ಟು ತಮ್ಮಂತೆ ಇನ್ನೊಂದಿಲ್ಲದವು. ನನ್ನ ಹಳೆಯ ಕಂಪ್ಯೂಟರಿನಲ್ಲೋ ನುಡಿ, ಬರಹ ಎಂದು ಕನ್ನಡ ಫಾಂಟುಗಳ ಸಂತೆಯೇ ಇತ್ತು. ಭಾಷಾಭಿಮಾನ ಜಗತ್ತಿನಲ್ಲಿ ಇಷ್ಟು ಎದ್ದುಕಾಣಲೆಂದು ನಾನು ಬಯಸಿರಲಿಲ್ಲ.

ಕೊನೆಗೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಎಂಬಲ್ಲಿ ಹೊಕ್ಕು, ಜಾಹೀರಾತಿನ ಐಡಿಯನ್ನು ಅಳಿಸಿದೆ. ಇನ್ನು ಯಾವ ಆ್ಯಪ್ ಕೇಳಿದರೂ ಸಿಗುವುದು ಸೊನ್ನೆಗಳ ಸಾಲು. ಮಂಡಿ ಹೋಯಿತು, ನನ್ನ ಪರಿಚಯವೇ ಇಲ್ಲದವರು ಟ್ರ್ಯಾಕ್ಟರ್ ಟೈರು ತೋರಿಸತೊಡಗಿದರು. ನನಗಿರುವುದು ಬಾಲ್ಕನಿಯ ತುಳಸಿಕುಂಡ. ಆದರೂ ಇಷ್ಟು ದೊಡ್ಡ ಟೈರಿಗೆ ಎಷ್ಟಿರಬಹುದು ಎಂದು ಒಮ್ಮೆ ಒತ್ತಿ ನೋಡಿದೆ. ಈಗ ಬ್ರೌಸರಿನಲ್ಲಿ ಎಲ್ಲಿ ಹೋದರೂ ಟೈರೇ. ಹಿಂದಿನ ಚಕ್ರದ್ದಕ್ಕೆ ರಿಯಾಯಿತಿಯೂ ಇದೆಯಂತೆ.