ಶಿವಮೊಗ್ಗೆಯ ನಿವೇಶನಾಧೀಶ್ವರರಿಗೆ ಭದ್ರಾವತಿಯಿಂದೊಂದು ವಿಜ್ಞಾಪನೆ

ಶಿವಮೊಗ್ಗ ನಗರದ ಪ್ರತಿಷ್ಠಿತ ಬಡಾವಣೆಗಳಲ್ಲಿ ಸ್ವಂತ ನಿವೇಶನಗಳನ್ನುಳ್ಳ, ಮೂಲೆ ಸೈಟಿನ ಮಹಿಮೆಯನ್ನೂ ಪೂರ್ವಾಭಿಮುಖ ದ್ವಾರದ ಮಾಹಾತ್ಮ್ಯವನ್ನೂ ಬಲ್ಲ ಮಹನೀಯರ ಸನ್ನಿಧಿಗೆ ಭದ್ರಾವತಿ ಹಳೇನಗರದ ನಿವಾಸಿಯೊಬ್ಬನು ಮಾಡುವ ಅನೇಕ ನಮಸ್ಕಾರಗಳು.

ತಮಗೂ ನಮಗೂ ನಡುವೆ ಇರುವುದು ಬಿ.ಎಚ್. ರಸ್ತೆಯ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ತಮ್ಮ ಕಾರಿಗೂ ನಮ್ಮ ಸ್ಕೂಟರಿಗೂ ಕೆಎ ೧೪ ಎಂಬ ಒಂದೇ ಸಂಖ್ಯೆ. ಸರ್ಕಾರವಾದರೋ, ಕುಲಗೋತ್ರಗಳನ್ನು ವಿಚಾರಿಸುವ ವ್ಯವಧಾನವಿಲ್ಲದೆ, ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರವೆಂದು ಎರಡೂ ಊರುಗಳನ್ನು ಒಂದೇ ಫಲಕದ ಮೇಲೆ ಬರೆದು, ನಡುವೆ ಒಂದು ಕಿರುಗೆರೆಯನ್ನು ಮಾತ್ರ ಎಳೆದು ಕೈತೊಳೆದುಕೊಂಡಿದೆ. ಆ ಕಿರುಗೆರೆಯ ನಿಜವಾದ ಉದ್ದವು ನನಗೆ ಗೋಚರವಾದದ್ದು, ನನ್ನ ಸೋದರಳಿಯನು ಉದ್ಯೋಗನಿಮಿತ್ತವಾಗಿ ತಮ್ಮ ನಗರದಲ್ಲಿ ಬಾಡಿಗೆಯ ಮನೆಯೊಂದನ್ನು ಅರಸಲು ಹೊರಟ ಮೇಲೆ.

“ಯಾವೂರಾಯಿತು?” ಎಂದು ದಲ್ಲಾಳಿಗಳು ಕೇಳಿದರು. ಹುಡುಗನು ಊರಿನ ಹೆಸರನ್ನು ಹೇಳಿದನು. “ಓ... ಭದ್ರಾವತಿ!” ಎಂಬ ಉದ್ಗಾರವು ಹೊರಟಿತು. ವೈಯಾಕರಣಿಗಳು ಪ್ಲುತಸ್ವರಕ್ಕೆ ಮೂರು ಮಾತ್ರೆಗಳನ್ನು ವಿಧಿಸಿದ್ದಾರೆ. ಈ ಓಕಾರವು ಅದನ್ನೂ ಮೀರಿತ್ತೆಂದೂ, ಅದರೊಳಗೆ ಕಾರ್ಖಾನೆಯ ಹೊಗೆ, ಮುಷ್ಕರ, ಪೊಲೀಸ್ ಠಾಣೆ, ಹಿಂದೆ ಕೇಳಿದ ಸಮಸ್ತ ಹೊಡೆದಾಟಗಳು ಅಡಕವಾಗಿದ್ದುವೆಂದೂ ಹುಡುಗನು ಬಂದು ವರದಿಮಾಡಿದನು. ತರುವಾಯ ಮನೆಯ ಯಜಮಾನರು, ಸಂಬಳವನ್ನು ಕೇಳುವುದಕ್ಕೆ ಮೊದಲೇ, “ಮನೇಲಿ ಅಡುಗೆ ಹೇಗೆ?” ಎಂದು ವಿಚಾರಿಸಿದರು. ಇದು ರುಚಿಯನ್ನು ಕುರಿತ ಪ್ರಶ್ನೆಯಲ್ಲವೆಂಬುದು ತಮಗೆ ತಿಳಿದದ್ದೇ. ಉತ್ತರವನ್ನು ಕೇಳಿದ ಆ ಸಜ್ಜನರು, “ತಪ್ಪು ತಿಳಿಯಬೇಡಿ, ನಮಗೇನೂ ಇಲ್ಲ, ಅಕ್ಕಪಕ್ಕದವರು ಒಪ್ಪೋದಿಲ್ಲ” ಎಂದು ಕಾಫಿ ಕೊಟ್ಟು ಕಳುಹಿಸಿದರು.

ಅಕ್ಕಪಕ್ಕದವರೆಂಬ ಈ ನಿಷ್ಠುರ ಜನಾಂಗವನ್ನು ಪ್ರತ್ಯಕ್ಷವಾಗಿ ಕಾಣಬೇಕೆಂಬ ಕುತೂಹಲದಿಂದ ಅಳಿಯನು ಪಕ್ಕದ ಮನೆಯ ಕದವನ್ನೂ ತಟ್ಟಿದನು. ಅವರಿಗೂ ಸ್ವಂತ ಆಕ್ಷೇಪವೇನೂ ಇರಲಿಲ್ಲ, ಅವರ ಪಕ್ಕದವರಿಗೆ ಇತ್ತು. ಈ ಕ್ರಮದಲ್ಲಿ ಮನೆಯಿಂದ ಮನೆಗೆ ನಡೆದರೆ ಕಡೆಗೆ ತುಂಗೆಯ ದಂಡೆಯೇ ಬಂದೀತು, ಆಕ್ಷೇಪಿಸುವ ಮನುಷ್ಯನು ಮಾತ್ರ ಸಿಕ್ಕಲಾರನು. ಯಾರಿಗೂ ಇಲ್ಲದ ಆಕ್ಷೇಪಣೆಯೊಂದು ಎಲ್ಲರ ಪರವಾಗಿ ಒಂದಿಡೀ ನಗರವನ್ನು ಆಳುತ್ತಿರುವ ಈ ವ್ಯವಸ್ಥೆಯನ್ನು ರಾಜ್ಯಶಾಸ್ತ್ರದ ಪಂಡಿತರು ಇನ್ನೂ ಅಭ್ಯಸಿಸದಿರುವುದು ಶೋಚನೀಯ.

ಬಡಾವಣೆಗಳ ನಾಮಕರಣದಲ್ಲಿ ತಾವು ತೋರಿದ ವಿನೋದಪ್ರಜ್ಞೆಗೆ ನಾನು ತಲೆಬಾಗುತ್ತೇನೆ. ಆಚಾರ್ಯ ವಿನೋಬಾ ಭಾವೆಯವರು ೧೯೫೧ರ ಏಪ್ರಿಲ್ ತಿಂಗಳಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂದಾನವನ್ನು ಆರಂಭಿಸಿ, ಆಮೇಲೆ ವರ್ಷಾನುವರ್ಷ ಕಾಲ್ನಡಿಗೆಯಲ್ಲಿ ದೇಶವನ್ನೆಲ್ಲ ಸುತ್ತಿ, ಭೂಮಿಯುಳ್ಳವರು ತಮ್ಮನ್ನು ಆರನೆಯ ಮಗನೆಂದು ಬಗೆದು ಆರನೆಯ ಒಂದು ಪಾಲನ್ನು ಭೂಹೀನರಿಗೆ ಕೊಡಬೇಕೆಂದು ಬೇಡಿದರು. ಆ ಮಹಾತ್ಮರ ಹೆಸರನ್ನು ಹೊತ್ತ ವಿನೋಬನಗರದ ನೂರಡಿ ರಸ್ತೆಯಲ್ಲಿ ಇಂದು ಅವರೇ ಬಂದು ಆರನೆಯ ಪಾಲನ್ನು ಯಾಚಿಸಿದರೆ, ಮೂವತ್ತು-ನಲವತ್ತರ ಸೈಟಿನಲ್ಲಿ ಆರನೆಯ ಒಂದು ಪಾಲೆಂದರೆ ಇನ್ನೂರು ಚದರಡಿಯೆಂದು ಕೂಡಲೇ ಲೆಕ್ಕಹಾಕಿ, ಅಷ್ಟಕ್ಕೆ ಬೆಲೆಯೆಷ್ಟೆಂದು ಹೇಳಿ, ಅಡುಗೆಯ ವಿಷಯವನ್ನೂ ಒಂದು ಮಾತು ವಿಚಾರಿಸಿಯೇ ತಾವು ಮುಂದಿನ ಮಾತಿಗೆ ತೊಡಗುವಿರಿ.

ಅದೇ ಏಪ್ರಿಲಿನಲ್ಲಿ ನಮ್ಮದೇ ಜಿಲ್ಲೆಯ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಆ ಹೋರಾಟದ ಮೂಲಕಾರಣಗಳಲ್ಲೊಂದು. ಒಡೆಯರ ಕೊಳಗ ಹಿಗ್ಗಿತ್ತು. ಸಮಾಜವಾದಿ ನಾಯಕ ಲೋಹಿಯಾ ಅವರು ಬಂದು ಸೆರೆಯಾದರು. ಶಾಂತವೇರಿ ಗೋಪಾಲಗೌಡರು ಆ ಕಿಚ್ಚಿನಿಂದ ನಾಯಕರಾಗಿ ಮೂಡಿ ಮರುವರ್ಷವೇ ವಿಧಾನಸಭೆಗೆ ಹೋದರು. ಉಳುವವನಿಗೆ ಭೂಮಿ ದೊರೆಯಬೇಕೆಂದು ಜೀವ ತೇದ ಆ ಸಮಾಜವಾದಿಯ ಹೆಸರಿನ ಬಡಾವಣೆಯಲ್ಲಿ ಈಗ ಉಳುವವನಿಗಿರಲಿ, ಉಳುವವನ ಮಗನಾದ ಮೇಷ್ಟರಿಗೂ ಸೈಟು ದೊರೆಯುವ ಹಾಗಿಲ್ಲ. ಕೊಳಗ ಹೋಗಿ ಚದರಡಿ ಬಂದಿದೆ; ಹಿಗ್ಗುವ ಗುಣವೊಂದು ಮಾತ್ರ ವಂಶಪಾರಂಪರ್ಯವಾಗಿ ಉಳಿದಿದೆ. ವಿಶ್ವಮಾನವ ಸಂದೇಶವನ್ನು ಸಾರಿದ ಕವಿ ಕುವೆಂಪು ಅವರ ಹೆಸರನ್ನೂ ತಾವು ಒಂದು ಬಡಾವಣೆಗೆ ಇಟ್ಟಿರುವಿರಷ್ಟೆ. ಅಲ್ಲಿಯ ಮನೆಗಳ ಮುಂದೆ “ಸಸ್ಯಾಹಾರಿಗಳಿಗೆ ಮಾತ್ರ” ಎಂಬ ಫಲಕ ತೂಗಿದರೆ ಅದನ್ನು ಸಂದೇಶದ ವ್ಯಾಖ್ಯಾನವೆಂದು ತಿಳಿಯಬೇಕೋ ತಿದ್ದುಪಡಿಯೆಂದು ತಿಳಿಯಬೇಕೋ, ನಾನರಿಯೆ.

ಬೆಲೆಯ ವಿಷಯದಲ್ಲಿ ತಮ್ಮ ಅದ್ವೈತಸಾಧನೆ ಅಸಾಧಾರಣವಾದದ್ದು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕೂತಾಗ ಯಾವ ನಿವೇಶನವು ಸರ್ಕಾರದ ಮಾರ್ಗಸೂಚಿ ಬೆಲೆಗೂ ಯೋಗ್ಯವಲ್ಲದ ಬರಡು ನೆಲವಾಗಿ ತಮಗೆ ತೋರುವುದೋ, ಅದೇ ನಿವೇಶನವು ಸಂಜೆ ಕಲ್ಯಾಣಮಂಟಪದ ಊಟದ ಪಂಕ್ತಿಯಲ್ಲಿ ಬಂಗಾರದ ಗಣಿಯಾಗಿ ಪರಿಣಮಿಸುತ್ತದೆ. ಇದರಲ್ಲಿ ಮಿಥ್ಯೆ ಯಾವುದು, ಸತ್ಯ ಯಾವುದು ಎಂಬುದನ್ನು ಬ್ಯಾಂಕಿನವರು ಮಾತ್ರ ಬಲ್ಲರು.

ಇನ್ನೊಂದು ಸಂಗತಿಯನ್ನು ನಗೆಯಾಡದೆ ಹೇಳಬೇಕಾಗಿದೆ. ೨೦೨೨ರ ಫೆಬ್ರುವರಿಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಮತ್ತೊಮ್ಮೆ ತಮ್ಮ ನಗರವು ಕೋಮುಗಲಭೆಗೊಳಗಾಗಿ ನಿಷೇಧಾಜ್ಞೆಯಲ್ಲಿ ಬಾಗಿಲು ಹಾಕಿಕೊಂಡಿತು. ಅಂಥ ದಿನಗಳ ಅನಂತರ “ಆ ಕಡೆ”, “ಈ ಕಡೆ” ಎಂಬ ಎರಡು ದಿಕ್ಕುಗಳು ದಲ್ಲಾಳಿಗಳ ಬಾಯಲ್ಲಿ ಪೂರ್ವಪಶ್ಚಿಮಗಳಿಗಿಂತ ಗಟ್ಟಿಯಾದುವು. ಹೆಸರನ್ನು ಕೇಳಿದೊಡನೆ “ಮನೆ ನಿನ್ನೆಯೇ ಹೋಯಿತು” ಎನ್ನಿಸಿಕೊಳ್ಳುವವರ ಮುಂದೆ ನನ್ನ ಅಳಿಯನ ಗೋಳು ಗೋಳೇ ಅಲ್ಲ; ಅವನಿಗೆ ಕಾಫಿಯಾದರೂ ದೊರೆಯಿತು.

ನಮ್ಮೂರು ಸಮತೆಯ ಸ್ವರ್ಗವಾಗಿತ್ತೆಂದು ನಾನು ಹೇಳಹೊರಟಿಲ್ಲ. ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಈ ಊರಿನಲ್ಲಿ, ಮೈಸೂರು ಸಂಸ್ಥಾನವು ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಾಡಿನ ಇದ್ದಿಲನ್ನೂ ನಂಬಿ ಕಟ್ಟಿದ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕುಲುಮೆ ಹೊತ್ತಿಸಿ, ವಿಶ್ವೇಶ್ವರಯ್ಯನವರ ಆಡಳಿತಕ್ಕೆ ಒಳಪಟ್ಟಾಗ, ಅದರ ಸುತ್ತ ಬೆಳೆದ ವಸತಿಗಳಲ್ಲಿಯೂ ಮೇಲು ಕೀಳುಗಳಿದ್ದುವು: ಅಧಿಕಾರಿಗೆ ಬಂಗಲೆ, ಕಾರ್ಮಿಕನಿಗೆ ಸಾಲುಮನೆ. ಕಾರ್ಖಾನೆಯ ವಸತಿಯಾದ ನ್ಯೂಟೌನಿನವರು ಹಳೇನಗರದವರಾದ ನಮ್ಮನ್ನು ನೋಡುತ್ತಿದ್ದ ದೃಷ್ಟಿಯಲ್ಲಿ ತಮ್ಮ ಓಕಾರದ ಬೀಜವು ಸ್ಪಷ್ಟವಾಗಿಯೇ ಇತ್ತು. ಆದರೆ ಆ ಕ್ವಾರ್ಟರ್ಸಿಗೆ ಒಂದು ದೊಡ್ಡ ಊನವಿದ್ದಿತು: ಅದನ್ನು ಮಾರುವಂತಿರಲಿಲ್ಲ. ಯಾರ ಪಕ್ಕದಲ್ಲಿ ಯಾರಿರಬೇಕೆಂಬುದನ್ನು ಹುದ್ದೆ, ಸರದಿಗಳು ನಿರ್ಣಯಿಸುತ್ತಿದ್ದುವೇ ಹೊರತು ಸಾರಿನ ವಾಸನೆಯಲ್ಲ. ಆದಕಾರಣ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳಗಳು ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಂತು ಜಗಳವಾಡಿ, ಜಗಳದ ಮೂಲಕವೇ ಪರಸ್ಪರರ ಭಾಷೆಯನ್ನು ಕಲಿತುಕೊಂಡುವು. ಪಕ್ಕದ ಮನೆಯವನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲದ ಆ ಕಾಲದಲ್ಲಿ, ಅವನ ಮನೆಯ ಒಣಮೀನಿನಿಂದ ನಮ್ಮ ಗೋಡೆಯ ಬೆಲೆ ಇಳಿಯುತ್ತದೆಂಬ ಜ್ಞಾನೋದಯವು ಯಾರಿಗೂ ಆಗಿರಲಿಲ್ಲ.

ಆಗ ಕಾರ್ಖಾನೆಯಲ್ಲಿ ಕೆಲಸವಿರುವ ವರನೆಂದರೆ ಶಿವಮೊಗ್ಗೆಯ ಕನ್ಯಾಪಿತೃಗಳು ಭದ್ರಾವತಿಯ ರೈಲನ್ನು ಹಿಡಿಯುತ್ತಿದ್ದರು. ಹೊಗೆಯು ಐಶ್ವರ್ಯದ ಲಕ್ಷಣವಾಗಿದ್ದಿತು. ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯು ೨೦೧೫ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು ೨೦೨೩ರ ಜನವರಿಯಲ್ಲಿ ಹೊರಬಿದ್ದಿತು. ಹೊಗೆ ತಗ್ಗಿತು, ಗಾಳಿ ಶುದ್ಧವಾಯಿತು. ಶುದ್ಧವಾದ ಗಾಳಿಗೆ ಬೆಲೆ ಏರಬೇಕೆಂಬುದು ತಮ್ಮ ದಲ್ಲಾಳಿಗಳ ಸಿದ್ಧಾಂತ. ನಮ್ಮಲ್ಲಿ ಮಾತ್ರ ಅದು ತಲೆಕೆಳಗಾಯಿತು. ಮನೆಯನ್ನು ಮಾರಿ ಮಗನ ಹತ್ತಿರ ಬೆಂಗಳೂರಿಗೆ ಹೋಗೋಣವೆಂದಿದ್ದ ನಿವೃತ್ತರು, ಹೇಳಿದ ಬೆಲೆಗೆ ಗಿರಾಕಿಯಿಲ್ಲದೆ, ಸಂಜೆಯ ಹೊತ್ತು ಬೈಪಾಸ್ ರಸ್ತೆಯವರೆಗೆ ಹೋಗಿ ಹಿಂದಿರುಗುತ್ತಿದ್ದಾರೆ.

ಇಷ್ಟಾದರೂ ತಮ್ಮ ನಗರದ ನೂತನ ಕೀರ್ತಿಯಾದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು, ೨೦೨೩ರ ಫೆಬ್ರುವರಿಯಲ್ಲಿ ಉದ್ಘಾಟಿತವಾದಾಗ, ತಮ್ಮ ನೂರಡಿ ರಸ್ತೆಯ ತುದಿಯಲ್ಲಿ ಇಳಿಯದೆ ಸೋಗಾನೆಯಲ್ಲಿ, ಅಂದರೆ ನಮ್ಮ ಕಡೆಗೆ ಸರಿದು, ಕುಳಿತುಬಿಟ್ಟಿತು. ತಮ್ಮ ಬೆಳಗಿನ ಕಾಫಿಯ ಹಾಲಿನ ಡೇರಿಯೂ ಭದ್ರಾವತಿಯ ದಾರಿಯಲ್ಲಿರುವ ಮಾಚೇನಹಳ್ಳಿಯಲ್ಲಿದೆ. ಕೂಡಲಿಯಲ್ಲಿ ತುಂಗೆಯು ನಮ್ಮ ಭದ್ರೆಯ ಊರನ್ನಾಗಲಿ ಅಡುಗೆಯನ್ನಾಗಲಿ ವಿಚಾರಿಸದೆ ಕೂಡಿಕೊಂಡಿದ್ದಾಳೆ. ಈ ಅವಿವೇಕವನ್ನು ತಡೆಯಲು ಪ್ರಾಧಿಕಾರಕ್ಕೆ ಅಧಿಕಾರವಿದೆಯೇ ಎಂದು ತಾವು ವಿಚಾರಿಸಬಹುದು.

ಆದುದರಿಂದ ತಮ್ಮಲ್ಲಿ ನನ್ನ ಅರಿಕೆಯಿಷ್ಟು. ಮುಂದಿನ ಪರಿಷ್ಕರಣೆಯಲ್ಲಿ ಮಾರ್ಗಸೂಚಿ ಬೆಲೆಯನ್ನು ಬೀದಿಗಳ ಲೆಕ್ಕದಲ್ಲಿ ನಿಗದಿಮಾಡದೆ, ನೆರೆಯವರ ಜಾತಿ, ಒಗ್ಗರಣೆ, ಹುಟ್ಟಿದೂರುಗಳ ಲೆಕ್ಕದಲ್ಲಿ ಪ್ರಾಮಾಣಿಕವಾಗಿ ಪ್ರಕಟಿಸುವಂತೆ ಸರ್ಕಾರವನ್ನು ಒತ್ತಾಯಿಸಿರಿ. ಆಗ ನಮ್ಮಂಥವರು ಬಸ್ಸಿನ ಖರ್ಚು ಮಾಡದೆ ಮನೆಯಲ್ಲಿಯೇ ಕುಳಿತು ಪಟ್ಟಿಯನ್ನು ನೋಡಿ ಸುಮ್ಮನಾಗಬಹುದು. ಸರ್ಕಾರಕ್ಕೂ ಇಷ್ಟು ದಿನ ಕೈತಪ್ಪಿಹೋಗುತ್ತಿದ್ದ ಮುದ್ರಾಂಕ ಶುಲ್ಕವು ದೊರೆಯುತ್ತದೆ. ಅಲ್ಲಿಯವರೆಗೆ ಅಳಿಯನು, ಭದ್ರಾವತಿಯ ಹೆಸರೆತ್ತದೆ, “ನಮ್ಮದು ನಿದಿಗೆ ಹತ್ತಿರ” ಎಂದು ಹೇಳಿಕೊಳ್ಳಲು ತಮ್ಮ ಅನುಮತಿಯನ್ನು ಪ್ರಾರ್ಥಿಸುತ್ತಾನೆ.

ಇಂತು ತಮ್ಮ ವಿಧೇಯ,
ಹಳೇನಗರದ ನಿವಾಸಿ, ಭದ್ರಾವತಿ

ವಿ.ಸೂ.: ನಮ್ಮಲ್ಲಿ ಗದ್ದೆಯೊಂದನ್ನು ಮಟ್ಟಮಾಡಿ ಹೊಸದಾಗಿ ಸೈಟು ಹಂಚುತ್ತಿರುವವರು, “ಶಿವಮೊಗ್ಗಕ್ಕೆ ಅತಿ ಸಮೀಪ” ಎಂದು ಫಲಕ ನೆಟ್ಟು, ಆ ಸಾಮೀಪ್ಯಕ್ಕಾಗಿ ಚದರಡಿಗೆ ಇಷ್ಟೆಂದು ಹೆಚ್ಚಿಗೆ ಕೇಳುತ್ತಿದ್ದಾರೆ. ಆ ಹೆಚ್ಚುವರಿ ಹಣದಲ್ಲಿ ತಮಗೆ ಸಲ್ಲಬೇಕಾದ ಪಾಲೇನಾದರೂ ಇದ್ದರೆ ದಯವಿಟ್ಟು ತಿಳಿಸತಕ್ಕದ್ದು.