ಸಂಬಂಧಪಟ್ಟವರ ಗಮನಕ್ಕೆ

ಪೇಪರ್ ಹುಡುಗನಿಗಿಂತ ಮೊದಲೇ ಗೇಟಿನ ಬಳಿ ಬಂದು ನಿಂತಿರುವ ಮನುಷ್ಯನನ್ನು ನೀವೂ ನೋಡಿರುತ್ತೀರಿ. ರಾತ್ರಿ ಲೋಕದಲ್ಲಿ ನಡೆದದ್ದಕ್ಕೆಲ್ಲ ಬೆಳಿಗ್ಗೆ ತಾನೇ ಜವಾಬು ಹೇಳಬೇಕು ಎಂಬ ಹೊಣೆ ಹೊತ್ತವನಂತೆ ಅವನ ಮುಖ ಇರುತ್ತದೆ. ಅವನು ಸಂಪಾದಕರಿಗೆ ಪತ್ರ ಬರೆಯುವವನು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಅಂಥವರೊಬ್ಬರಿದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು.

ಈ ಜಾತಿಯವರಿಗೆ ಮನೆಗೂ ಜಗತ್ತಿಗೂ ನಡುವೆ ಕಾಂಪೌಂಡೇ ಇರುವುದಿಲ್ಲ. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಯಾದರೆ ಮೇಷ್ಟ್ರ ಪತ್ರ ಅಲ್ಲಿಂದ ಹೊರಟು, ಮೂರನೇ ಪ್ಯಾರಾದ ಹೊತ್ತಿಗೆ ನಮ್ಮ ಬೀದಿಯ ಚರಂಡಿಗೆ ಬಂದು ಸೇರುತ್ತದೆ. ರೂಪಾಯಿ ಕುಸಿದಾಗ ದೇಶದ ಗತಿಯೇನು ಎಂದು ಕಳವಳಪಟ್ಟು ಬರೆಯುತ್ತಾರೆ. ಟೆಕ್ಸಾಸಿನಲ್ಲಿರುವ ಮಗ ಕಳಿಸಿದ ಡಾಲರಿಗೆ ಅವತ್ತು ಎಷ್ಟು ಸಿಕ್ಕಿತು ಎಂಬುದನ್ನು ನನಗೆ ಮಾತ್ರ, ದನಿ ತಗ್ಗಿಸಿ ಹೇಳುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ, ಬಿಟ್ಟಿ ಪ್ರಯಾಣ ಕೊಟ್ಟು ಸಾರಿಗೆ ನಿಗಮಗಳು ಉಳಿಯುವುದುಂಟೇ ಎಂದು ಗುಡುಗಿದರು. ಅದು ಅಚ್ಚಾದ ದಿನವೇ ಅವರ ಮನೆಯವರು ಆಧಾರ್ ಕಾರ್ಡ್ ಹಿಡಿದು ಕೆಂಪು ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೊರಟರು. ಅವರು ವಾಪಸು ಬರುವತನಕ ಮೇಷ್ಟ್ರ ಊಟ ನಮ್ಮಲ್ಲಿ.

ಮೇಷ್ಟ್ರಿಗೆ ಶತ್ರು ಒಬ್ಬನೇ: ಕತ್ತರಿ ಹಿಡಿದ ಉಪಸಂಪಾದಕ. ಎರಡು ಫುಲ್‌ಸ್ಕೇಪ್ ಹಾಳೆ ಬರೆದರೆ ಪೇಪರಿನಲ್ಲಿ ಕಾಣುವುದು ಆರು ಸಾಲು. ಪೂರ್ತಿ ಪಾಠ ಕೇಳುವ ಯೋಗ ನನ್ನದು. ನಾನೂ ಅಷ್ಟಿಷ್ಟು ಬರೆಯುತ್ತೇನೆಂದು ಬೀದಿಯಲ್ಲಿ ಗೊತ್ತಿರುವುದು ಅವರೊಬ್ಬರಿಗೇ. ಕೊರಿಯರ್ ಹುಡುಗನ ಲೆಕ್ಕದಲ್ಲಿ ನಾನು ‘ಲೆಟರ್ ಮೇಷ್ಟ್ರ ಪಕ್ಕದ ಮನೆ’.

ಇದನ್ನೆಲ್ಲ ಸಹಿಸಬಹುದು. ಹಾಲಿನ ವಿಷಯ ಮಾತ್ರ ಹೇಳದೆ ಇರಲಾರೆ. 2024ರ ಜೂನ್‌ನಲ್ಲಿ ನಂದಿನಿ ಪಾಕೀಟಿಗೆ 2 ರೂಪಾಯಿ ಏರಿಸಿ, ಅದಕ್ಕೆ ಸರಿಯಾಗಿ ಒಳಗೆ 50 ಮಿಲಿ ಲೀಟರ್ ಹಾಲನ್ನೂ ಹೆಚ್ಚಿಸಿದರಲ್ಲ, ಆಗಿನ ಮಾತು. ಒಂದು ಬೆಳಿಗ್ಗೆ ಮೇಷ್ಟ್ರು ಗಾಜಿನ ಅಳತೆ ಜಾಡಿ ಹಿಡಿದು ಸೀದಾ ನಮ್ಮ ಅಡುಗೆಮನೆಗೇ ಬಂದರು.

‘ಇವರೇ, ನಮ್ಮನೆ ಹಾಲು ಅಳೆದರೆ ಪಕ್ಷಪಾತ ಅಂತಾರೆ. ನಿಮ್ಮದಾದರೆ ಸ್ವತಂತ್ರ ಸಾಕ್ಷ್ಯ.’

ಪಾಕೀಟು ಕತ್ತರಿಸುವುದು ನಾನು, ಮಂಡಿಯೂರಿ ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು ಓದುವುದು ಅವರು, ಬರೆದುಕೊಳ್ಳುವುದು ಮತ್ತೆ ನಾನು. ನೀರಾದರೆ ಬಾಗಿನ ತಳ ನೋಡಬೇಕು, ಹಾಲಿನಲ್ಲಿ ಅದು ಕಾಣುವುದಿಲ್ಲವಾದ್ದರಿಂದ ಮೇಲಂಚು ನೋಡಬೇಕು ಎಂಬ ಪಾಠವೂ ಆಯಿತು. ಅರ್ಧ ಲೀಟರಿನ ಪಾಕೀಟು. ಮೊದಲು 250, ಮತ್ತೆ 250, ಕೊನೆಗೆ 50. ಲೆಕ್ಕ ಸರಿಯಾಗಿತ್ತು. ಸರಿಯಾಗಿದ್ದದ್ದೇ ಮೇಷ್ಟ್ರಿಗೆ ಸಂಕಟವಾಯಿತು. ಇನ್ನೊಮ್ಮೆ ಅಳೆದರು. ಆಗಲೂ ಅಷ್ಟೇ.

‘ಈ ಜಾಡಿ ಎಲ್ಲಿದು ಮೇಷ್ಟ್ರೇ?’ ನನ್ನ ಹೆಂಡತಿ ಕೇಳಿದಳು.

‘ಸ್ಕೂಲ್ ಲ್ಯಾಬಿನದಮ್ಮ, ಹರಾಜಿನಲ್ಲಿ ತಗೊಂಡೆ. ಗಟ್ಟಿ ಗಾಜು. ವರ್ಷಗಟ್ಟಲೆ ಮೈಲುತುತ್ತದ ದ್ರಾವಣ ಅಳೆದಿದ್ದೀನಿ ಇದರಲ್ಲಿ.’

ಅರ್ಧ ಲೀಟರೂ ಅದರ ಮೇಲಿನ 50 ಮಿಲಿಯೂ ಒಟ್ಟಿಗೆ ಸಿಂಕಿಗೆ ಹೋದವು. ಅವತ್ತು ನಮ್ಮ ಮನೆಯಲ್ಲಿ ಯಾರಿಗೂ ಕಾಫಿಯಿಲ್ಲ. ಪತ್ರ ಮಾತ್ರ ತಪ್ಪಲಿಲ್ಲ: ಹೆಚ್ಚುವರಿ ಹಾಲು ಬೇಡವೆನ್ನುವವರು ಏನು ಮಾಡಬೇಕು, ಸ್ವಾಮಿ? 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿ ಆ 50 ಮಿಲಿ ಹಿಂದಕ್ಕೆ ಹೋದಾಗ, ಕೊಟ್ಟದ್ದನ್ನು ಕಿತ್ತುಕೊಳ್ಳುವುದು ನ್ಯಾಯವೇ ಎಂದು ಬರೆದರು. ಎರಡೂ ಅಚ್ಚಾದವು.

ಬೈಯೋಣ ಎಂದರೆ ಬಾಯಿ ಬರುವುದಿಲ್ಲ. ಬೀದಿಯ ತಿರುವಿನಲ್ಲಿ ಬಾಯಿ ತೆರೆದುಕೊಂಡಿದ್ದ ಮ್ಯಾನ್‌ಹೋಲಿಗೆ ಮುಚ್ಚಳ ಬಂದದ್ದು ಅವರ ನಾಲ್ಕು ಸಾಲಿನಿಂದ. ಕತ್ತಲಲ್ಲಿ ಅದನ್ನು ಹೆಚ್ಚು ದಾಟುತ್ತಿದ್ದವನು ನಾನು, ಬರೆದವರು ಅವರು.

ಹೋದ ದಸರೆಗೆ ಮೇಷ್ಟ್ರ ಮಗ ಬಂದಿದ್ದ. ಬಹಳ ದಿನಗಳ ಮೇಲೆ ಹಬ್ಬಕ್ಕೆ ಬಂದವನು. ಹಬ್ಬಕ್ಕೆ ಎರಡೇ ದಿನವಿದೆ ಎನ್ನುವಾಗ, 2025ರ ಸೆಪ್ಟೆಂಬರ್ 20ರ ಶನಿವಾರ ಬೆಳಿಗ್ಗೆ ಸುದ್ದಿ ಬಂತು: ಎಚ್-1ಬಿ ವೀಸಾಕ್ಕೆ ಟ್ರಂಪ್ ಒಂದು ಲಕ್ಷ ಡಾಲರ್ ಶುಲ್ಕ ಹಾಕಿದ್ದಾರೆ, 21ರಿಂದಲೇ ಜಾರಿ. ಹೊರಗಿರುವವರೆಲ್ಲ ಕೂಡಲೇ ವಾಪಸು ಬನ್ನಿ ಎಂದು ಕಂಪನಿಯಿಂದ ಮೇಲ್. ಮಧ್ಯಾಹ್ನದೊಳಗೆ ಸೂಟ್‌ಕೇಸ್ ಕಾರಿಗೇರಿತು. ಗೊಂಬೆಗಳನ್ನು ಇನ್ನೂ ಪೆಟ್ಟಿಗೆಯಿಂದ ತೆಗೆದಿರಲಿಲ್ಲ. ಅವನು ವಿಮಾನ ಹತ್ತಿಯಾದ ಮೇಲೆ ಅಮೆರಿಕದ ಸ್ಪಷ್ಟನೆ ಬಂತು: ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗೆ ಏನೂ ಇಲ್ಲ.

ಸೋಮವಾರ ಮೇಷ್ಟ್ರು ಕಾಗದ ಹಿಡಿದೇ ಬಂದರು. ಇವತ್ತು ಎಷ್ಟು ಹಾಳೆಯಾದರೂ ಕೇಳೋಣ ಎಂದು ನಾನು ಕುರ್ಚಿ ಎಳೆದುಕೊಟ್ಟೆ. ಅವರು ಓದಿದ್ದು ತುಪ್ಪದ ಮೇಲೊಂದು ಪತ್ರ. ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದ ದಿನ ಅದು. ನಮ್ಮ ಮೂಲೆ ಅಂಗಡಿಯಲ್ಲಿ ಇನ್ನೂ ಹಳೆಯ ದರವೇ ಎಂಬುದು ತಕರಾರು.

‘ಮಗನದು ಬರೀಲಿಲ್ಲವೇ ಮೇಷ್ಟ್ರೇ? ಒಂದು ಪದವನ್ನೂ ಕತ್ತರಿಸದೆ ಹಾಕ್ತಿದ್ದರು.’

‘ಅದು ನಮ್ಮನೆ ವಿಷಯ ಇವರೇ,’ ಎಂದು ಹಾಳೆ ಮಡಿಸಿದರು.

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬಂದರೆ ಕೂರಿಸಿ, ಕಾಫಿ ಕೊಡಿ, ಪತ್ರವನ್ನು ಕೊನೆತನಕ ಕೇಳಿ. ಹಾಲಿನ ಪಾಕೀಟನ್ನು ಮಾತ್ರ ಫ್ರಿಜ್ಜಿನಲ್ಲಿ ಹಿಂದುಗಡೆ ಇಡಿ.